ಕೌಶಲಕ್ಕೆ ಲ್ಯಾಮಿನೇಷನ್

ಬೆಂಗಳೂರು ಕೋಲಾರಕ್ಕೆ ಎರಡನ್ನು ಸಂಸ್ಕರಿಸಿ ಕಳಿಸುತ್ತದೆ. ಒಂದು, 2018ರಿಂದ ಕೆ.ಸಿ. ವ್ಯಾಲಿ ಪೈಪಿನಲ್ಲಿ ಬರುವ ಕೊಳಚೆ ನೀರು. ಇನ್ನೊಂದು, ಟೈ ಕಟ್ಟಿಕೊಂಡು ಕಾರಿನಲ್ಲಿ ಬರುವ ಸಾಫ್ಟ್ ಸ್ಕಿಲ್ಸ್ ತರಬೇತುದಾರ. ನೀರಿನ ಬಗ್ಗೆ ಜಿಲ್ಲೆಯ ಹೋರಾಟಗಾರರು ತಕರಾರು ತೆಗೆದಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಬೇಕು ಅಂತ ಅವರ ಪಟ್ಟು. ತರಬೇತುದಾರನ ಬಗ್ಗೆ ಈವರೆಗೆ ಯಾರೂ ಧರಣಿ ಕೂತಿಲ್ಲ. ಆತ ಬೆಳಿಗ್ಗೆ ಹತ್ತೂವರೆಗೆ ಬಂದು, ಮಧ್ಯಾಹ್ನ ಮುಳಬಾಗಿಲು ದೋಸೆ ಎಲ್ಲಿ ಸಿಗುತ್ತದೆಂದು ವಿಚಾರಿಸಿ, ಹೊಸಕೋಟೆ ಟ್ರಾಫಿಕ್ಕಿಗೆ ಹೆದರಿ ಮೂರೂವರೆಗೇ ಹೊರಟುಬಿಡುತ್ತಾನೆ. ಅವನು ಹೋದ ಮೇಲೆ ಕಾಲೇಜಿನಲ್ಲಿ ಉಳಿಯುವುದು ಒಂದು ಗುಂಪು ಫೋಟೋ ಮತ್ತು ಕೌಶಲ ಕೈವಶವಾಗಿದೆಯೆಂದು ಸಾರುವ ಅರವತ್ತು ಸರ್ಟಿಫಿಕೇಟು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಯಾವ ಪದವಿ ವಿದ್ಯಾರ್ಥಿಯ ಬ್ಯಾಗು ತಡಕಿದರೂ ಈಗ ಇಂಥವು ನಾಲ್ಕಾರು ಸಿಗುತ್ತವೆ. ಡಿಜಿಟಲ್ ಫ್ಲೂಯೆನ್ಸಿ, ಸೈಬರ್ ಸೆಕ್ಯುರಿಟಿ, ಕೃತಕ ಬುದ್ಧಿಮತ್ತೆ, ಟ್ಯಾಲಿ, ವ್ಯಕ್ತಿತ್ವ ವಿಕಸನ, ಒತ್ತಡ ನಿರ್ವಹಣೆ. ಮಳೆ ಕೈಕೊಟ್ಟ ವರ್ಷವೂ ಸರ್ಟಿಫಿಕೇಟಿನ ಇಳುವರಿ ಕಡಿಮೆಯಾದದ್ದಿಲ್ಲ. ಪದವಿಯ ಅಂಕಪಟ್ಟಿ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್ಲಿನ ಯಾವುದೋ ಮೂಲೆಯಲ್ಲಿ ಸಿಕ್ಕಿಕೊಂಡು ತಿಂಗಳುಗಟ್ಟಲೆ ಬರದೇ ಹೋದೀತು. ಒತ್ತಡ ನಿರ್ವಹಣೆಯ ಸರ್ಟಿಫಿಕೇಟು ಮಾತ್ರ ಅದೇ ದಿನ ಸಂಜೆ ಕೈಗೆ ಬರುತ್ತದೆ. ಅಂಕಪಟ್ಟಿಗೆ ಕಾಯುವಾಗ ಬೇಕಾಗುತ್ತದಲ್ಲ!

ಇದೇನು ಹೊಸ ಬೆಳೆಯಲ್ಲ. ಪಿಯುಸಿಯಲ್ಲಿ ಜೆಓಸಿ ಅಂತೊಂದು ವೃತ್ತಿ ಕೋರ್ಸಿತ್ತು, ನಮ್ಮ ತಲೆಮಾರಿನವರಿಗೆ ಗೊತ್ತು. ಆಮೇಲೆ ಹತ್ತನೇ ಪಂಚವಾರ್ಷಿಕ ಯೋಜನೆಯ ಹೊತ್ತಿಗೆ ಯುಜಿಸಿಯವರು ಪದವಿಯ ಜೊತೆಜೊತೆಗೇ ಸರ್ಟಿಫಿಕೇಟು, ಡಿಪ್ಲೊಮಾ, ಅಡ್ವಾನ್ಸ್ಡ್ ಡಿಪ್ಲೊಮಾ ಅಂತ ಮೂರು ಮೆಟ್ಟಿಲು ಕಟ್ಟಿಸಿದರು. ಆದರೆ ನಿಜವಾದ ಸುಗ್ಗಿ ಶುರುವಾದದ್ದು 2021ರ ಆಗಸ್ಟಿನಲ್ಲಿ, ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ಕೀರ್ತಿ ಕರ್ನಾಟಕಕ್ಕೆ ಬಂದಾಗ. ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸು.

ಅದುವರೆಗೆ, ಬೋರ್‌ವೆಲ್ ಬತ್ತಿದ ವರ್ಷ ಓದು ನಿಲ್ಲಿಸಿ ಗಾರ್ಮೆಂಟ್ಸಿಗೆ ಹೋದ ಶ್ರೀನಿವಾಸಪುರದ ಹುಡುಗಿಗೆ ಸರ್ಕಾರ ಏನೂ ಕೊಡುತ್ತಿರಲಿಲ್ಲ. ಹೊಸ ನೀತಿ ಆ ಅನ್ಯಾಯ ಸರಿಪಡಿಸಿತು. 40 ಕ್ರೆಡಿಟ್ ಗಳಿಸಿ, ಬೇಸಿಗೆಯಲ್ಲಿ 4 ಕ್ರೆಡಿಟ್ಟಿನ ವೃತ್ತಿ ಕೋರ್ಸು ಮುಗಿಸಿ ಹೊರಟರೆ ಅವಳಿಗೂ ಮುದ್ರೆಯೊತ್ತಿದ ಕಾಗದ. ಮೂರು ವರ್ಷದೊಳಗೆ ವಾಪಸು ಬರಬಹುದಿತ್ತು, ಒಟ್ಟು ಏಳು ವರ್ಷದಲ್ಲಿ ಪದವಿ ಮುಗಿಸಬಹುದಿತ್ತು. ಅಲ್ಲಿಯವರೆಗೆ ಅವಳ ಕ್ರೆಡಿಟ್ಟುಗಳು ಅಕಾಡೆಮಿಕ್ ಬ್ಯಾಂಕಿನಲ್ಲಿ ಭದ್ರ. ಅಪ್ಪನ ಸಾಲ ಡಿಸಿಸಿ ಬ್ಯಾಂಕಿನಲ್ಲಿ, ಮಗಳ ಕ್ರೆಡಿಟ್ಟು ಅಕಾಡೆಮಿಕ್ ಬ್ಯಾಂಕಿನಲ್ಲಿ. ಬಡ್ಡಿ ಬೆಳೆಯುವುದು ಮಾತ್ರ ಒಂದರಲ್ಲೇ.

ಸರ್ಕಾರ ಬದಲಾಯಿತು. 2024ರ ಮೇ ತಿಂಗಳಲ್ಲಿ ಆದೇಶ ಬಂತು: ಈ ಸಾಲಿನಿಂದ ಮತ್ತೆ ಮೂರು ವರ್ಷದ ಪದವಿ. ನಡುವೆ ಸೇರಿದ ಮೂರು ಬ್ಯಾಚಿನ ಮಕ್ಕಳು ಯಾವ ನೀತಿಗೆ ಸೇರಿದವರೆಂದು ಅವರ ಅಂಕಪಟ್ಟಿ ನೋಡಿದವರಿಗೂ ಹೇಳಲು ಬಾರದು. ಅಕ್ಕ ಓದಿಟ್ಟ ನೋಟ್ಸು ತಮ್ಮನಿಗೆ ಬರಲಿಲ್ಲ. ಒಂದು ನೀತಿ ಬಂತು, ಹೋಯಿತು, ಇನ್ನೊಂದು ನೀತಿಗೆ ಆಯೋಗ ಕೂತಿತು. ಇಷ್ಟೆಲ್ಲ ನಡೆದರೂ ಅಲ್ಲಾಡದೆ ಉಳಿದದ್ದು ‘ಕೌಶಲ’ ಎಂಬ ಕಾಲಂ. ಯಾವುದಕ್ಕೂ ಒಮ್ಮತವಿಲ್ಲದ ನಮ್ಮ ರಾಜಕೀಯ ಪಕ್ಷಗಳು ಒಂದು ವಿಷಯದಲ್ಲಿ ಒಂದೇ ಮನಸ್ಸಿನಿಂದಿವೆ. ಏನೆಂದರೆ, ನಮ್ಮ ಹುಡುಗರಿಗೆ ಕೌಶಲವಿಲ್ಲ.

ಇಲ್ಲವೆನ್ನುವವರು ಟೊಮೆಟೊ ಸುಗ್ಗಿಯಲ್ಲಿ ಒಂದು ದಿನ ಕೋಲಾರದ ಎಪಿಎಂಸಿಗೆ ಬರಬೇಕು. ಅಪ್ಪನ ಲೋಡಿನ ಜೊತೆ ಬಂದು ನಿಂತಿರುತ್ತಾನೆ ಎರಡನೇ ವರ್ಷದ ಬಿ.ಕಾಂ. ಹುಡುಗ. ದೂರದ ಲಾರಿಗೆ ದೋರಗಾಯಿ, ಹತ್ತಿರದ ಮಾರ್ಕೆಟ್ಟಿಗೆ ಹಣ್ಣು, ಕಣ್ಣಳತೆಯಲ್ಲೇ ವಿಂಗಡಿಸಿಬಿಡುತ್ತಾನೆ. ಮಂಡಿಯವರ ಹತ್ತಿರ ತೆಲುಗು, ಡ್ರೈವರ್ ಹತ್ತಿರ ಉರ್ದು, ಬಂಗಾಳದ ಖರೀದಿದಾರನ ಹತ್ತಿರ ಇಬ್ಬರಿಗೂ ಪೂರ್ತಿ ಬಾರದ ಹಿಂದಿ. ಹರಾಜು ಕೂಗು ಮುಗಿಯುವುದರೊಳಗೆ ಕಮಿಷನ್ನು, ಹಮಾಲಿ, ಗಾಡಿ ಬಾಡಿಗೆ ಎಲ್ಲ ಕಳೆದು ಮನೆಗೆ ಎಷ್ಟು ಅಂತ ಬಾಯಲ್ಲೇ ಹೇಳುತ್ತಾನೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿದ್ದನ್ನು ಕಂಡವನು ಅವನು. ಕೊಯ್ಲಿನ ಕೂಲಿ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದದ್ದನ್ನೂ ಕಂಡವನು. ಅಲ್ಲಿಂದ ಅಂಗಿ ಕೊಡವಿಕೊಂಡು ಹನ್ನೊಂದು ಗಂಟೆಗೆ ಕಾಲೇಜಿಗೆ ಬಂದರೆ ಅವನಿಗೆ ‘ನೆಗೋಶಿಯೇಷನ್ ಸ್ಕಿಲ್ಸ್’ ಕ್ಲಾಸು. ತಡವಾಗಿ ಬಂದದ್ದಕ್ಕೆ ಟೈಮ್ ಮ್ಯಾನೇಜ್‌ಮೆಂಟಿನಲ್ಲಿ ಅಂಕ ಕಟ್. ಚೌಕಾಸಿ ಮಾಡುವಾಗ ಎದುರಿಗಿದ್ದವನ ಕಣ್ಣಲ್ಲಿ ಕಣ್ಣಿಟ್ಟು ನಗಬೇಕೆಂದು ತರಬೇತುದಾರ ಹೇಳಿಕೊಡುತ್ತಾನೆ. ಹುಡುಗ ಪಾಪ ಸುಮ್ಮನೆ ಬರೆದುಕೊಳ್ಳುತ್ತಾನೆ. ಮಂಡಿಯಲ್ಲಿ ಹಾಗೆ ನಕ್ಕವನ ಬಾಕ್ಸಿಗೆ ಇಪ್ಪತ್ತು ರೂಪಾಯಿ ಕಡಿಮೆ ಕೂಗುತ್ತಾರೆ ಅಂತ ಅವನಿಗೆ ಗೊತ್ತು.

ಶ್ರೀನಿವಾಸಪುರದ ಮಾವಿನ ತೋಟದವರ ಮಗಳಿಗೆ ‘ಸಪ್ಲೈ ಚೈನ್’ ಸರ್ಟಿಫಿಕೇಟು ಸಿಕ್ಕಿದ್ದು 2025ರ ಬೇಸಿಗೆಯಲ್ಲಿ ಅಂತಿಟ್ಟುಕೊಳ್ಳಿ. ಅದೇ ವರ್ಷದ ಜೂನ್ ತಿಂಗಳಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಗೆ ಬರಕೂಡದೆಂದು ಗಡಿಯಲ್ಲಿ ತಡೆಯಿತು. ತಿರುಳು ತೆಗೆಯುವ ಫ್ಯಾಕ್ಟರಿಗಳಿರುವುದು ಅತ್ತ, ಕಾಯಿ ಇರುವುದು ಇತ್ತ. ಮುಖ್ಯಮಂತ್ರಿಗಳು ಮುಖ್ಯಮಂತ್ರಿಗಳಿಗೆ ಪತ್ರ ಬರೆಯಬೇಕಾಯಿತು. ಆ ಹುಡುಗಿಗೆ ಸರಪಳಿ ಎಲ್ಲಿ ಕಡಿಯುತ್ತದೆಂದು ಯಾವ ಪವರ್‌ಪಾಯಿಂಟೂ ತೋರಿಸಿಕೊಡಬೇಕಿಲ್ಲ. ಮಾಲೂರಿನವರಿಗಂತೂ ‘ಟೀಮ್ ವರ್ಕ್’ ಕಲಿಸಹೊರಡುವುದು ಅಧಿಕಪ್ರಸಂಗ. ಮಾರಿಕುಪ್ಪಂನಿಂದ ಹೊರಟ ರೈಲು ಬಂಗಾರಪೇಟೆಯಲ್ಲಿ ತುಂಬಿಕೊಂಡು ಮಾಲೂರಿಗೆ ಬಂದಾಗ, ಬಾಗಿಲಲ್ಲಿ ನಿಂತ ನಾಲ್ಕು ಜನ ಐದನೆಯವನನ್ನು ಕೈಹಿಡಿದು ಒಳಗೆಳೆದುಕೊಳ್ಳುತ್ತಾರಲ್ಲ, ಅದನ್ನು ನಮ್ಮ ತರಬೇತುದಾರ ಒಮ್ಮೆಯೂ ನೋಡಿಲ್ಲ. ಅವನದು ಕಾರು.

ಹಾಗಿದ್ದರೆ ಇಷ್ಟೊಂದು ಸರ್ಟಿಫಿಕೇಟು ಯಾರಿಗೆ? ಮಕ್ಕಳಿಗಲ್ಲ ಸ್ವಾಮಿ, ನ್ಯಾಕಿಗೆ. ಕಾಲೇಜುಗಳ ಗುಣಮಟ್ಟ ಅಳೆಯುವ ಈ ಸಂಸ್ಥೆಯ ನಮೂನೆಯಲ್ಲಿ 1.2.1 ಅಂತೊಂದು ಅಂಶವಿದೆ. ಕಳೆದ ಐದು ವರ್ಷಗಳಲ್ಲಿ ನೀವು ಎಷ್ಟು ಸರ್ಟಿಫಿಕೇಟ್ ಮತ್ತು ಮೌಲ್ಯವರ್ಧಿತ ಕೋರ್ಸು ನಡೆಸಿದಿರಿ? ಒಂದೊಂದೂ ಕನಿಷ್ಠ 30 ಗಂಟೆಯದಾಗಿರಬೇಕು. ಮುಂದಿನ ಅಂಶ, ಅದರಲ್ಲಿ ಶೇಕಡಾ ಎಷ್ಟು ವಿದ್ಯಾರ್ಥಿಗಳಿದ್ದರು? ಕಲಿತರೋ ಬಿಟ್ಟರೋ, ಕಲಿತದ್ದರಿಂದ ಯಾರಿಗೆ ಎಲ್ಲಿ ಕೆಲಸ ಸಿಕ್ಕಿತೋ, ಈ ಎರಡು ಸಾಲಿನಲ್ಲಿ ಆ ರಗಳೆಯಿಲ್ಲ. ಐದು ವರ್ಷಕ್ಕೊಮ್ಮೆ ಈ ಹಬ್ಬ. ಹಬ್ಬದ ಹಿಂದಿನ ಆರು ತಿಂಗಳು ನಾಲ್ಕೂ ತಾಲ್ಲೂಕಿನ ಡಿಟಿಪಿ ಅಂಗಡಿಗಳ ದೀಪ ಆರುವುದಿಲ್ಲ. ಜಿಲ್ಲೆಯಲ್ಲಿ ಕೌಶಲ ಕೋರ್ಸಿನಿಂದ ಖಾತ್ರಿಯಾಗಿ ಉದ್ಯೋಗ ಸಿಕ್ಕಿರುವುದು ಅವರಿಗೇ.

ಒಂದು ಕಾಲೇಜು, ಹೆಸರು ಬೇಡ. ಇದ್ದದ್ದೇ ಅಂತಲೂ ಹೇಳುವುದಿಲ್ಲ, ಎಲ್ಲ ಕಡೆಯೂ ಇದೆ ಅಂತ ಓದಿಕೊಂಡರೂ ಅಡ್ಡಿಯಿಲ್ಲ. ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿಯ ಸಂಚಾಲಕರು ಫೈಲು ಹಿಡಿದು ಪ್ರಿನ್ಸಿಪಾಲರ ಮುಂದೆ ನಿಂತಿದ್ದಾರೆ.

‘ಸಾರ್, ಮೂರು ವರ್ಷದ ಹಿಂದೆ ನಾವು ಒಂದೂ ಕೋರ್ಸ್ ಮಾಡಿಲ್ಲ.’

‘ಮಾಡಿಲ್ಲ ಅಂತ ಯಾಕ್ರೀ ಅಂತೀರಿ? ಫೋಟೋ ಇಲ್ಲ ಅನ್ನಿ.’

‘ಜಿಯೋಟ್ಯಾಗ್ ಫೋಟೋ ಕೇಳ್ತಾರೆ ಸಾರ್.’

‘ಜಾಗ ತಾನೇ ತೋರಿಸೋದು? ಕಾಲೇಜು ಎಲ್ಲೂ ಹೋಗಿಲ್ಲವಲ್ಲ. ತಾರೀಖಿನ ಕಡೆ ಬ್ಯಾನರ್ ಕಟ್ಟಿ.’

ಹೀಗೆ ಒಂದು ಮಂಗಳವಾರ ಅರವತ್ತು ಮಕ್ಕಳನ್ನು ಕೂರಿಸಿ ಮಧ್ಯಾಹ್ನದೊಳಗೆ ನಾಲ್ಕು ಕೋರ್ಸು ಮುಗಿಸಲಾಯಿತು. ಬ್ಯಾನರು ನಾಲ್ಕು, ಕುರ್ಚಿ ಅವೇ. ಡಿಸೆಂಬರಿನ ಕೋರ್ಸಿಗೆ ಒಂದಿಬ್ಬರಿಗೆ ಸ್ವೆಟರ್ ಹಾಕಿಸಿದ್ದರು. ಮೇ ತಿಂಗಳ ಸೆಖೆಯಲ್ಲಿ ಸ್ವೆಟರ್ ಹಾಕಿ ಕೂತ ಹುಡುಗ ಬೆವರಿದ್ದೇ ಬೆವರಿದ್ದು. ಅವನಿಗೆ ‘ವರ್ಕ್ ಎಥಿಕ್ಸ್’ನಲ್ಲಿ ಎ ಪ್ಲಸ್ ಬಂತು, ನ್ಯಾಯವಾಗಿಯೇ.

ಸಣ್ಣ ಕಾಲೇಜಿನ ಪ್ರಿನ್ಸಿಪಾಲರನ್ನು ಇದಕ್ಕೆ ಬೈದು ಪ್ರಯೋಜನವಿಲ್ಲ. ದೊಡ್ಡವರ ಮಟ್ಟದಲ್ಲಿ ಇದು ಬ್ಯಾನರಿಗೇ ಮುಗಿಯುವುದಿಲ್ಲ. 2025ರ ಫೆಬ್ರುವರಿಯಲ್ಲಿ, ಗುಂಟೂರಿನ ಒಂದು ಸಂಸ್ಥೆಗೆ ಎ ಪ್ಲಸ್ ಪ್ಲಸ್ ಕೊಡಿಸಲು ಲಂಚ ಪಡೆದ ಆರೋಪದ ಮೇಲೆ ಸಿಬಿಐ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನೇ ಹಿಡಿಯಿತು. ನಗದು, ಲ್ಯಾಪ್‌ಟಾಪುಗಳ ಜೊತೆಗೆ ಜಪ್ತಿಯಾದದ್ದರಲ್ಲಿ ಒಂದು ಐಫೋನೂ ಇತ್ತಂತೆ. ನಮ್ಮ ಹುಡುಗಿಯರು ಜಿಲ್ಲೆಯ ನರಸಾಪುರದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಪಾಳಿ ನಿಂತು ಜೋಡಿಸುವ ಜಾತಿಯ ಫೋನು. ಕೌಶಲದ ಚಕ್ರ ಪೂರ್ತಿ ಒಂದು ಸುತ್ತು ಬಂದಂತಾಯಿತು.

ಪ್ರಮಾಣಪತ್ರದ ಮಹಿಮೆಯನ್ನು ಮುಳಬಾಗಿಲಿನವರಿಗೆ ಯಾರೂ ವಿವರಿಸಬೇಕಾಗಿಲ್ಲ ಬಿಡಿ. 2018ರಲ್ಲಿ ಅಲ್ಲಿನ ಶಾಸಕರೊಬ್ಬರ ಜಾತಿ ಪ್ರಮಾಣಪತ್ರ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ, ನಾಮಪತ್ರ ಬಿತ್ತು, ಪಕ್ಷೇತರರೊಬ್ಬರು ಗೆದ್ದು ಮುಂದೆ ಮಂತ್ರಿಯೂ ಆದರು. ಒಂದು ಕಾಗದದಿಂದ ಒಬ್ಬರ ಉದ್ಯೋಗ ಹೋಗಿ ಇನ್ನೊಬ್ಬರಿಗೆ ಉದ್ಯೋಗ ಸಿಕ್ಕ ಇಂಥ ಸ್ಪಷ್ಟ ಉದಾಹರಣೆ ಯಾವ ಪ್ಲೇಸ್‌ಮೆಂಟ್ ಸೆಲ್ಲಿನಲ್ಲೂ ಇರಲಾರದು.

ಅದೇ ಮುಳಬಾಗಿಲಿನಲ್ಲಿ 1887ರಲ್ಲಿ ಒಬ್ಬರು ಹುಟ್ಟಿದ್ದರು. ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಕೆಲಕಾಲ ಮೇಷ್ಟರಾದರು, ಕೋಲಾರದ ಚಿನ್ನದ ಗಣಿಯ ಸೋಡಾ ಕಾರ್ಖಾನೆಯಲ್ಲಿ ದುಡಿದರು, ಬೆಂಗಳೂರಿಗೆ ಬಂದು ಜಟಕಾಗಳಿಗೆ ಬಣ್ಣ ಬಳಿಯುವಲ್ಲಿ ಕೆಲಸ ಮಾಡಿದರು, ಪತ್ರಿಕೆ ನಡೆಸಿದರು, ಮುಚ್ಚಿದರು, ಮತ್ತೆ ನಡೆಸಿದರು. ಇವತ್ತಿನ ಉದ್ಯೋಗ ಮೇಳಕ್ಕೆ ಅವರು ಬಂದಿದ್ದರೆ ಕೌಂಟರಿನ ಹುಡುಗಿ ರೆಸ್ಯೂಮೆ ಮೇಲೆತ್ತಿ ನೋಡಿ, ‘ಅಂಕಲ್, ನಡುವೆ ತುಂಬಾ ಗ್ಯಾಪ್ ಇದೆ, ಸ್ಟೆಬಿಲಿಟಿ ಇಲ್ಲ, ಕಮ್ಯುನಿಕೇಷನ್ ಸ್ಕಿಲ್ಸಿಗೆ ಒಂದು ಶಾರ್ಟ್ ಟರ್ಮ್ ಕೋರ್ಸ್ ಮಾಡ್ಕೊಂಡು ಬನ್ನಿ’ ಅನ್ನುತ್ತಿದ್ದಳು. ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಡಿ.ಲಿಟ್. ಕೊಟ್ಟದ್ದು 1961ರಲ್ಲಿ. ಡಿ.ವಿ. ಗುಂಡಪ್ಪನವರ ಹೆಸರಿನ ಮುಂದೆ ನಿಂತು ಗೌರವ ಹೆಚ್ಚಿಸಿಕೊಂಡದ್ದು ಆ ಡಾಕ್ಟರೇಟು. ಅದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿಯವರದು ತಿರುಗುಮುರುಗು ಕಥೆ. ಪರೀಕ್ಷೆಗಳಲ್ಲೆಲ್ಲ ಮೊದಲ ಸಾಲು, ಮೈಸೂರು ಸರ್ಕಾರದಲ್ಲಿ ದೊಡ್ಡ ಹುದ್ದೆ. ಆದರೆ ತಮಗಿಂತ ಕಿರಿಯರಿಗೆ ಬಡ್ತಿ ಕೊಟ್ಟರೆಂದು 1943ರಲ್ಲಿ ರಾಜೀನಾಮೆ ಬಿಸಾಕಿ ಮನೆಗೆ ಬಂದುಬಿಟ್ಟರು. ‘ಅಡಾಪ್ಟಬಿಲಿಟಿ’ಯಲ್ಲಿ ಫೇಲು.

ಈ ಅಡಾಪ್ಟಬಿಲಿಟಿಯ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಉದ್ಯೋಗ ಕೌಶಲದ ಕೋರ್ಸುಗಳನ್ನೆಲ್ಲ ಹಿಂಡಿದರೆ ಕೊನೆಗೆ ಉಳಿಯುವ ಸತ್ವ ಅದೊಂದೇ. ಹೇಳಿದಷ್ಟು ಹೊತ್ತು ನಿಲ್ಲು, ಕೊಟ್ಟಷ್ಟು ತೊಗೊ, ನಗುತ್ತಾ ಇರು. ಇದನ್ನು ಕಲಿಯದವರು ಏನು ಮಾಡಿಕೊಳ್ಳುತ್ತಾರೆಂಬುದಕ್ಕೆ ಜಿಲ್ಲೆಯಲ್ಲಿ ಒಂದು ಪಾಠ ನಡೆದುಹೋಗಿದೆ. 2020ರ ಡಿಸೆಂಬರ್ 12ರ ಮುಂಜಾನೆ, ನರಸಾಪುರದಲ್ಲಿ ಆಗ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಗಾಜು ಪುಡಿಗಟ್ಟಿದರು, ಗಾಡಿ ಉರುಳಿಸಿದರು. ದೊಂಬಿ ದೊಂಬಿಯೇ, ಅದನ್ನು ಮೆಚ್ಚಬೇಕಿಲ್ಲ. ನೂರಕ್ಕೂ ಹೆಚ್ಚು ಹುಡುಗರು ಜೈಲು ಕಂಡರು. ಅವರಲ್ಲಿ ಐಟಿಐ, ಡಿಪ್ಲೊಮಾ, ಪದವಿಯವರೇ ಬಹಳ. ಇಪ್ಪತ್ತೊಂದು ಸಾವಿರ ಸಂಬಳವೆಂದು ಸೇರಿಸಿಕೊಂಡ ಎಂಜಿನಿಯರಿಂಗ್ ಪದವೀಧರನಿಗೆ ಹದಿನಾರು ಬಂತು, ಆಮೇಲೆ ಹನ್ನೆರಡಕ್ಕಿಳಿಯಿತು, ಉಳಿದ ಪದವೀಧರರದು ಎಂಟು ಸಾವಿರಕ್ಕೆ ಬಂತು ಅಂತ ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ಆಮೇಲೆ ಕಾರ್ಖಾನೆಗಳ ಇಲಾಖೆಯವರು ತಪಾಸಣೆ ಮಾಡಿ ವರದಿ ಬರೆದರು. ಕೌಶಲದ ಕೊರತೆ ಇದ್ದದ್ದು ನಿಜವೆಂದು ಅದರಲ್ಲಿ ಗೊತ್ತಾಯಿತು. ಆದರೆ ಕೊರತೆ ಕಂಡದ್ದು ಕಾರ್ಮಿಕರಲ್ಲಲ್ಲ. ಅಲ್ಪಕಾಲದಲ್ಲೇ ಐದು ಸಾವಿರ ಇದ್ದವರನ್ನು ಹತ್ತೂವರೆ ಸಾವಿರ ಮಾಡಿಕೊಂಡ ಕಂಪನಿ, ಕಾರ್ಮಿಕ ಕಾನೂನು ಬಲ್ಲವರನ್ನು ಎಚ್.ಆರ್. ವಿಭಾಗದಲ್ಲಿ ಸಾಕಷ್ಟು ಇಟ್ಟುಕೊಂಡಿರಲಿಲ್ಲವಂತೆ. ಪಾಳಿ ಹನ್ನೆರಡು ಗಂಟೆಯಾಗಿತ್ತು, ಹಾಜರಿಯ ಯಂತ್ರಕ್ಕೆ ಅದನ್ನು ಯಾರೂ ತಿಳಿಸಿರಲಿಲ್ಲ. ಸಂಬಳ ಸರಿಯಾಗಿ, ಸಮಯಕ್ಕೆ ಕೊಡದಿದ್ದದ್ದನ್ನು ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಇಂಡಿಯಾ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಆ್ಯಪಲ್ ಕಂಪನಿ ವಿಸ್ಟ್ರಾನನ್ನೇ ಪ್ರೊಬೇಷನ್ನಿನಲ್ಲಿಟ್ಟಿತು. ನಷ್ಟದ ಲೆಕ್ಕ ಇನ್ನೂ ಚೆಂದ. ಪೊಲೀಸರಿಗೆ ಕೊಟ್ಟ ದೂರಿನಲ್ಲಿ 437 ಕೋಟಿ, ತೈವಾನಿನ ಷೇರುಪೇಟೆಗೆ ಕೊಟ್ಟ ಹೇಳಿಕೆಯಲ್ಲಿ ನಮ್ಮ ಲೆಕ್ಕದಲ್ಲಿ 26ರಿಂದ 52 ಕೋಟಿ. ಎಕ್ಸೆಲ್ ಸರ್ಟಿಫಿಕೇಟು ಯಾರಿಗೆ ಮೊದಲು ಕೊಡಬೇಕಿತ್ತು, ನೀವೇ ಹೇಳಿ.

2023ರಲ್ಲಿ ಆ ಕಾರ್ಖಾನೆ ಟಾಟಾ ಪಾಲಾಯಿತು. ಆ ದೊಂಬಿಯಿಂದ ನಾವು ಕಲಿತದ್ದೇನು? ಜಿಲ್ಲೆಯ ಕಾಲೇಜುಗಳಲ್ಲಿ ಒತ್ತಡ ನಿರ್ವಹಣೆಯ ಕೋರ್ಸು ಹೆಚ್ಚಾಯಿತು. ಓದಿ ಮುಗಿಸಿಯೂ ಕೆಲಸ ಸಿಗದಿದ್ದರೆ 2024ರ ಜನವರಿಯಿಂದ ಯುವನಿಧಿಯಿದೆ, ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಒಂದು ವರ್ಷದ ಸರ್ಟಿಫಿಕೇಟಿನವರಿಗೆ ಅಲ್ಲಿ ಕಾಲಮ್ಮೇ ಇಲ್ಲ. ತನಗಿನ್ನೂ ಕೆಲಸವಿಲ್ಲ ಅಂತ ಪದವೀಧರ ಕಾಲಕಾಲಕ್ಕೆ ಸ್ವಯಂ ಘೋಷಣೆ ಮಾಡಿಕೊಳ್ಳುತ್ತಿರಬೇಕು. ಡಿಜಿಟಲ್ ಫ್ಲೂಯೆನ್ಸಿ ಉಪಯೋಗಕ್ಕೆ ಬಂದ ಅಪರೂಪದ ಸಂದರ್ಭ ಇದು.

ಹೀಗೆ ಬೈಯುತ್ತಾ ಕೂತರೆ ‘ನೀವೇನು ಮಾಡ್ತೀರಿ ಹೇಳಿ’ ಅನ್ನುತ್ತಾರೆ. ಸರಿ, ನನ್ನದೂ ಒಂದು ಕೋರ್ಸಿರಲಿ. ಹೆಸರು: ಸಂಬಳದ ಚೀಟಿ ಓದುವುದು. ಅವಧಿ, ನ್ಯಾಕಿನ ಅಪ್ಪಣೆಯಂತೆ, 30 ಗಂಟೆ. ಮೂಲ ವೇತನ ಎಂದರೇನು, ಪಿ.ಎಫ್. ಎಷ್ಟು ಹಿಡಿಯಬೇಕು, ಹಿಡಿದದ್ದು ಕಟ್ಟಿದ್ದಾರೋ ಇಲ್ಲವೋ ಮೊಬೈಲಿನಲ್ಲೇ ನೋಡುವುದು ಹೇಗೆ, ಇಎಸ್‌ಐ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ, ಒ.ಟಿ.ಗೆ ದುಪ್ಪಟ್ಟು ಕೂಲಿ ಎಂದು ಕಾನೂನು ಹೇಳುವಾಗ ಬಂದದ್ದೆಷ್ಟು, ಕಂಪನಿಯ ಬಸ್ಸು ಹತ್ತಿಸುವ ಗುತ್ತಿಗೆದಾರನ ಹೆಸರು ಯಾವ ಕಾಗದದಲ್ಲಿ ಇರಬೇಕು. ಪಿಪಿಟಿ ಬೇಡ, ಟೈ ಬೇಡ. ಪರೀಕ್ಷೆ ಒಂದೇ: ಅಪ್ಪನ ಅಥವಾ ಅಕ್ಕನ ಕಳೆದ ತಿಂಗಳ ಚೀಟಿ ತಂದು ತಪ್ಪು ಹುಡುಕುವುದು.

ಅದೇ ಹೆಸರಿಲ್ಲದ ಕಾಲೇಜಿನ ಪ್ರಿನ್ಸಿಪಾಲರಿಗೆ ಇದು ಹಿಡಿಸಿತು. ವಿಷಯ ಹಿಡಿಸಿತೆಂದಲ್ಲ, 1.2.1ರಲ್ಲಿ ಒಂದು ಕಡಿಮೆ ಬಿದ್ದಿತ್ತು. ಕಲಿಸುವವರು ಯಾರು? ಕಾಯಂ ಅಧ್ಯಾಪಕರೆಲ್ಲ ನ್ಯಾಕ್ ಫೈಲಿನ ಮೇಲಿದ್ದರು. ಎಂದಿನಂತೆ ಅತಿಥಿ ಉಪನ್ಯಾಸಕರೊಬ್ಬರ ಪಾಲಿಗೆ ಬಂತು. ಅವರು ಅಲ್ಲಿ ಅತಿಥಿಯಾಗಿ ಹದಿನಾಲ್ಕು ವರ್ಷ. ನಮ್ಮ ಸರ್ಕಾರದಷ್ಟು ದೀರ್ಘಕಾಲ ಅತಿಥಿಗಳನ್ನು ಸಾಕಿದ ಮನೆ ಇನ್ನೊಂದಿಲ್ಲ. 2022ರ ಜನವರಿಯಲ್ಲಿ, ಉದ್ದದ ಮುಷ್ಕರದ ಮೇಲೆ, ಹನ್ನೊಂದು-ಹದಿಮೂರು ಸಾವಿರವಿದ್ದ ಗೌರವಧನ 26ರಿಂದ 32 ಸಾವಿರಕ್ಕೆ ಏರಿತು. ವಾರದ ಗಂಟೆಗಳೂ ಹದಿನೈದಕ್ಕೇರಿದ್ದರಿಂದ ಇವರ ಪಕ್ಕದ ಕುರ್ಚಿಯ ಅತಿಥಿಗಳು ಮನೆಗೆ ಹೋದರು. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗು, ರಜೆಯಲ್ಲಿ ಸಂಬಳವಿಲ್ಲ. ‘ಉದ್ಯೋಗಕ್ಕೆ ಸಿದ್ಧರಾಗುವುದು ಹೇಗೆ’ ಎಂಬ ಪಾಠ ಹದಿನಾಲ್ಕು ವರ್ಷದಿಂದ ಅವರೇ ಮಾಡುತ್ತಿದ್ದಾರೆ.

‘ಸಾರ್, ಮಾದರಿಗೆ ಒಂದು ಸಂಬಳದ ಚೀಟಿ ಬೇಕಾಗಿತ್ತು,’ ಅಂದರು.

‘ನಿಮ್ಮದೇ ತೋರಿಸ್ರಿ.’

‘ನಮಗೆಲ್ಲಿ ಸಾರ್ ಚೀಟಿ? ಬಂದಾಗ ಬರುತ್ತೆ.’

ಕ್ಲಾಸಿಗೆ ಹೋಗಿ ಕೇಳಿದರು. ರಾತ್ರಿ ಪಾಳಿ ಮುಗಿಸಿ, ಕಂಪನಿ ಬಸ್ಸಿನಿಂದಿಳಿದು ನೇರ ಕಾಲೇಜಿಗೆ ಬಂದಿದ್ದ ಕೊನೇ ಬೆಂಚಿನ ಹುಡುಗ ಎದ್ದು ನಿಂತ. ‘ಚೀಟಿ ನಮಗೂ ಕೊಡಲ್ಲ ಸಾರ್. ಅಕೌಂಟಿಗೆ ದುಡ್ಡು ಬಿದ್ದಾಗ ಮೆಸೇಜ್ ಬತ್ತದೆ, ಅದು ಆಗುತ್ತಾ?’

ಆಗುತ್ತದೆಂದರು. ಮೆಸೇಜಿನಲ್ಲಿದ್ದ ಮೊತ್ತವನ್ನು ಬೋರ್ಡಿನ ಮೇಲೆ ಬರೆದರು. ಅದರ ಪಕ್ಕ, ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ, ಒ.ಟಿ. ಎಷ್ಟು ಅಂತ ಹುಡುಗ ಹೇಳುತ್ತಾ ಹೋದ, ಇವರು ಬರೆಯುತ್ತಾ ಹೋದರು. ಮೊಬೈಲ್ ನೋಡುತ್ತಿದ್ದವರೆಲ್ಲ ತಲೆಯೆತ್ತಿದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ತನ್ನ ಅಕ್ಕನ ಲೆಕ್ಕವನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹಾಕತೊಡಗಿದಳು. ಬರಬೇಕಾದದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸ ಎಷ್ಟೆಂದು ಕಳೆಯುತ್ತಿರುವಾಗ ಐಕ್ಯೂಎಸಿ ಸಂಚಾಲಕರು ಬ್ಯಾನರು, ಫೋಟೋದವನ ಸಮೇತ ಒಳಗೆ ಬಂದರು. ಬ್ಯಾನರು ಕಟ್ಟಲು ಗೋಡೆಯಲ್ಲಿ ಮೊಳೆ ಇದ್ದದ್ದು ಬೋರ್ಡಿನ ಎರಡು ತುದಿಯಲ್ಲಿ ಮಾತ್ರ. ‘ಎಲ್ಲರೂ ಈ ಕಡೆ ನೋಡ್ರಪ್ಪಾ, ನಗ್ರಿ ಸ್ವಲ್ಪ,’ ಅಂದ ಫೋಟೋದವನು, ಲೆಕ್ಕದ ಮೇಲೆ ಬ್ಯಾನರು ಎಳೆದು ಕಟ್ಟಿಸಿ.